ಒಲೆ ಇದ್ದ ಜಾಗ

ನಾನು ಶಾಲೆ ಬಿಟ್ಟದ್ದು ೧೯೯೧ರಲ್ಲಿ, ಎಂಟನೇ ಕ್ಲಾಸಿನ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದ. ಮಳೆ ಹಿಡಿದು ಭತ್ತ ಒಣಗದೆ ಭಟ್ಟಿ ನಿಂತರೆ ನಮ್ಮ ಮನೆಯ ಒಲೆಯೂ ನಿಲ್ಲುತ್ತಿತ್ತು. ಆ ವರ್ಷ ಹಾಗಾದಾಗ ಪುಸ್ತಕದ ಚೀಲವನ್ನು ಗೂಟಕ್ಕೆ ನೇತುಹಾಕಿ, ಮರುದಿನ ಗ್ರಿಲ್ ಮಾಡುವ ಅಂಗಡಿಯೊಂದರ ಮುಂದೆ ಹೋಗಿ ನಿಂತೆ. ಯಾರಾದರೂ ಅಯ್ಯೋ ಅನ್ನಲಿ ಎಂದು ಇದನ್ನು ಬರೆಯುತ್ತಿಲ್ಲ. ದಾವಣಗೆರೆಯಲ್ಲಿ ನನ್ನ ಕೈಯ ಗೇಟು, ಕಿಟಕಿ ಎಷ್ಟು ಮನೆಗಳಲ್ಲಿವೆಯೋ ನನಗೇ ಗೊತ್ತಿಲ್ಲ. ಬೆಸುಗೆ ಬಿಟ್ಟಿತು ಎಂದು ಇವತ್ತಿನವರೆಗೆ ಒಬ್ಬರೂ ತಿರುಗಿ ಬಂದಿಲ್ಲ. ಓದಿದವರ ಮುಂದೆ ನಾನು ಕುರ್ಚಿಯ ತುದಿಯಲ್ಲಿ ಕೂರುವವನಲ್ಲ.

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಕಾಗದ ಮುಟ್ಟುತ್ತಿರಲಿಲ್ಲ. ಗಿರಾಕಿ ಕಿಟಕಿಯ ಅಳತೆ ಕೊಟ್ಟ ಕೂಡಲೇ ನೆಲ ಗುಡಿಸಿಸಿ, ನೀರು ಚಿಮುಕಿಸಿ, ಆರಿದ ಮೇಲೆ ಸೀಮೆಸುಣ್ಣದಿಂದ ಆ ಕಿಟಕಿಯನ್ನು ಇದ್ದಷ್ಟೇ ದೊಡ್ಡದಾಗಿ ನೆಲದ ಮೇಲೆ ಬರೆಯುತ್ತಿದ್ದರು. ಮೂರಡಿ ಎಂದರೆ ಮೂರಡಿಯೇ. ಆ ಗೀಟುಗಳ ಮೇಲೆಯೇ ಸರಳು ಇಟ್ಟು ಬಗ್ಗಿಸುವುದು. ಅದಕ್ಕೂ ಮೊದಲು ಗಿರಾಕಿಯನ್ನು ಕರೆದು ಗೀಟಿನ ಮೇಲೆ ನಿಲ್ಲಿಸಿ, "ಆತೇನ್ರಿ?" ಎಂದು ಕೇಳಬೇಕು. ಅವರು "ಆತು" ಅನ್ನಬೇಕು. ಆ ಮಾತು ಬರುವ ತನಕ ಒಂದು ಸರಳನ್ನೂ ಕತ್ತರಿಸುವಂತಿಲ್ಲ.

"ನೆಲದಾಗ ತಪ್ಪಿದ್ರ ನೀರು ಹಾಕಿ ಒರೆಸ್ಬೋದು. ಕಬ್ಬಿಣದಾಗ ತಪ್ಪಿದ್ರ ಯಾವ ನೀರು ಹಾಕ್ತೀಯಲೇ?" ಎನ್ನುತ್ತಿದ್ದರು ಮೇಸ್ತ್ರಿ.

ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನದೇ ಶೆಡ್ಡು ಆದ ಮೇಲೂ ನಾನು ಇದನ್ನು ಬಿಟ್ಟಿಲ್ಲ. ಮೊಬೈಲಿನಲ್ಲಿ ಡಿಸೈನು ತೋರಿಸುವವರೂ ಕೊನೆಗೆ ನನ್ನ ಗೀಟಿನ ಮೇಲೆ ನಿಂತು "ಆತು" ಅನ್ನಲೇಬೇಕು.

ನನ್ನ ಒಬ್ಬಳೇ ಮಗಳು ಚಿತ್ರಕಲೆ ಓದುತ್ತಾಳೆ. ಕಳೆದ ವರ್ಷ ಕಾಲೇಜಿನಲ್ಲಿ ಅವಳಿಗೊಂದು ಕೆಲಸ ಹಚ್ಚಿದ್ದರು. ಮನೆಯ ಹಿರಿಯರೊಬ್ಬರ ಕೈಗೆ ಪೆನ್ಸಿಲ್ ಕೊಟ್ಟು, ಈಗ ಇಲ್ಲದ ಒಂದು ಕೋಣೆಯನ್ನು ನೆನಪಿನಿಂದಲೇ ಬರೆಸಬೇಕು. ಫೋಟೋ ನೋಡುವಂತಿಲ್ಲ.

"ಅಪ್ಪಾಜಿ, ನೀವು ವಿನೋಬನಗರದ ವಠಾರದ ಮನೆ ಬರೀರಿ," ಎಂದಳು.

"ಅದನ್ನ ಕೆಡವಿ ಕಾಂಪ್ಲೆಕ್ಸ್ ಕಟ್ಟ್ಯಾರಲ್ಲ."

"ಅದಕ್ಕ ಕೇಳಿದ್ದು. ಇಲ್ಲದ ಮನೇನ ಬೇಕು ಅವರಿಗೆ."

"ಇರೋ ಮನೆಗೆ ಸುಣ್ಣ ಹೊಡೆಸಾಕ ಪುರುಸೊತ್ತಿಲ್ಲ, ಇಲ್ಲದ ಮನೆ ಬರೀಬೇಕಂತೆ. ಇದಕ್ಕ ಫೀಸು ಬ್ಯಾರೆ ತಗಂತಾರ."

ಹಾಗೆಂದರೂ ಎರಡು ಸಂಜೆ ಅವಳ ದೊಡ್ಡ ಪುಸ್ತಕ ಹಿಡಿದು ಕೂತೆ. ಬರಲಿಲ್ಲ. ಬರೆದದ್ದೆಲ್ಲ ಬೆಂಕಿಪೊಟ್ಟಣದಂತೆ ಕಾಣುತ್ತಿತ್ತು. ಅದರೊಳಗೆ ನಾನು ಬೆಳೆದೆ ಎಂದು ನನಗೇ ನಂಬಿಕೆಯಾಗಲಿಲ್ಲ. ನನ್ನ ಕೈಗೆ ಸಣ್ಣದಾಗಿ ಬರೆಯಲು ಗೊತ್ತಿಲ್ಲ. ಮೂರನೆಯ ದಿನ ಪೆನ್ಸಿಲ್ ಇಟ್ಟು, "ಭಾನುವಾರ ಶೆಡ್ಡಿಗೆ ಬಾ. ಟೇಪು ಹಿಡಿಯುವಂತಿ," ಎಂದೆ.

ಭಾನುವಾರ ಕೆಲಸಗಾರರು ಇರುವುದಿಲ್ಲ. ಸಾಮಾನನ್ನೆಲ್ಲ ಗೋಡೆಗೆ ಸರಿಸಿ ನೆಲ ಗುಡಿಸಿದೆ. ವಠಾರದ ನಮ್ಮ ಮನೆ ಎಂದರೆ ಒಂದೇ ಕೋಣೆ, ಒಂದು ಬಾಗಿಲು, ಎದುರು ಗೋಡೆಗೆ ಒಂದು ಕಿಟಕಿ. ಅಳತೆ ಎಲ್ಲೂ ಬರೆದಿಟ್ಟಿಲ್ಲ, ಮೈಯಲ್ಲಿ ಇತ್ತು. ಅಪ್ಪ ಕಾಲು ಚಾಚಿ ಮಲಗಿದರೆ ತಲೆಯ ಕಡೆ ಟ್ರಂಕು, ಕಾಲಿನ ಕಡೆ ಒಂದು ಗೇಣು ಜಾಗ ಉಳಿಯುತ್ತಿತ್ತು. ಅಲ್ಲಿಗೆ ಅಗಲ ಸಿಕ್ಕಿತು. ನಾವು ನಾಲ್ವರು ಒತ್ತಾಗಿ ಮಲಗಿದರೆ ಇನ್ನೊಬ್ಬರಿಗೆ ಆಗುವಷ್ಟು ಮಿಗುತ್ತಿತ್ತು, ಉದ್ದ ಸಿಕ್ಕಿತು. ಟ್ರಂಕಿನ ಮೂಲೆ ಬರೆಯುವಾಗ ನನ್ನ ಎಡ ಮೊಣಕಾಲು ತಾನೇ ಹಿಂದೆ ಸರಿಯಿತು. ಆ ಮೂಲೆಗೆ ಎಷ್ಟು ಸಲ ಬಡಿಸಿಕೊಂಡಿದ್ದೆನೋ. ಮಗಳು ಟೇಪಿನ ಆ ತುದಿಯಲ್ಲಿ ಕೂತು ನಗುತ್ತಿದ್ದಳು. ಕಿಟಕಿಯ ಕೆಳಗೆ ನೆಲದಲ್ಲಿ ಹೂತಿದ್ದ ಒರಳು ಬರೆದೆ. ಪಕ್ಕದಲ್ಲಿ ನೀರಿನ ಹಂಡೆಯ ಕಲ್ಲು. ಬಾಗಿಲ ಹಿಂದೆ ಬಟ್ಟೆಯ ಗೂಟ.

ಕಿಟಕಿಯನ್ನು ಮಾತ್ರ ನೆನೆಯಬೇಕಾಗಲಿಲ್ಲ. ಮೂರಡಿ ಅಗಲ, ಮೂರೂವರೆ ಅಡಿ ಎತ್ತರ. ಅದಕ್ಕೆ ಗ್ರಿಲ್ ಮಾಡಿದವನು ನಾನೇ. ಪೂರ್ತಿ ನನ್ನ ಕೈಯಿಂದಲೇ ಆದ ಮೊದಲ ಕೆಲಸ. ಗೋಡೆಗೆ ನಿಂತ ಕಿಟಕಿಯನ್ನು ಗೋಡೆಯ ಗೀಟಿನ ಆಚೆ ನೆಲಕ್ಕೆ ಮಲಗಿಸಿ ಬರೆದೆ.

ನನಗೆ ಆಗ ಹದಿನೆಂಟು. ವಠಾರದಲ್ಲಿ ಕಳ್ಳನೊಬ್ಬ ಕಿಟಕಿಯೊಳಗೆ ಕೊಕ್ಕೆಯ ಕೋಲು ತೂರಿಸಿ ಪಕ್ಕದ ಮನೆಯ ಸೀರೆ ಎಳೆದುಕೊಂಡು ಹೋಗಿದ್ದ. ನಮ್ಮ ಕಿಟಕಿಯ ಮರದ ಚೌಕಟ್ಟನ್ನು ಗೆದ್ದಲು ತಿಂದಿತ್ತು. ಮೇಸ್ತ್ರಿಯ ಅಪ್ಪಣೆ ಪಡೆದು, ಉಳಿಕೆ ಸರಳುಗಳಲ್ಲಿ ನಾನು ಗ್ರಿಲ್ ಮಾಡಲು ಹೊರಟೆ. ಕೆಳಗೆ ಅರ್ಧ ಸೂರ್ಯ, ಅಲ್ಲಿಂದ ಚೌಕಟ್ಟಿನವರೆಗೆ ಏಳು ಕಿರಣ. ಅಂಗಡಿಯ ನೆಲದ ಮೇಲೆ ಬರೆದು ಅವ್ವನನ್ನು ಕರೆದುಕೊಂಡು ಬಂದೆ. ಗಿರಾಕಿಯ ಹಾಗೆ ಅವಳನ್ನು ಗೀಟಿನ ಮೇಲೆ ನಿಲ್ಲಿಸಿದೆ. ಸೀಮೆಸುಣ್ಣ ಅಳಿಸೀತೆಂದು ಅವಳು ಬೆರಳ ತುದಿಯಲ್ಲಿ ನಿಂತಳು.

"ಆತೇನವ್ವ?"

"ಚಂದ ಐತೆ. ಆದ್ರ ಇದರಾಗ ಒಂದು ಸಣ್ಣ ಬಾಗಿಲು ಇಡೋ. ನಳ ಕಿಟಕಿ ಆಚೆಗೇ ಐತೆ, ಕೊಡ ಒಳಗ ತಗಳಾಕ ಆಕ್ಕತಿ. ಸುತ್ತು ಹಾಕಿ ಹೊತ್ತು ತರಾದು ತಪ್ಪತೈತೆ."

"ಬಾಗಿಲು ಇಟ್ರ ನಡುವಿನ ಮೂರು ಕಿರಣ ಕತ್ತರಿಸ್ಬೇಕವ್ವ. ಸೂರ್ಯ ಹಲ್ಲು ಉದುರಿದಂಗ ಕಾಣ್ತಾನ."

"ಸೂರ್ಯ ಕೊಡ ಹೊರ್ತಾನೇನೋ? ಹೊರಾಕಿ ನಾನು."

ಮೇಸ್ತ್ರಿ ಜೋರಾಗಿ ನಕ್ಕರು. ನನಗೆ ಅವಮಾನವಾಯಿತು. ಅವ್ವ ಇನ್ನೂ ಸ್ವಲ್ಪ ಹೊತ್ತು ನೋಡಿ, "ನೋಡು, ಹೆಂಗ ಅನುಕೂಲ ಆಕ್ಕತೋ ಹಂಗ," ಎಂದು ಹೋದಳು. "ಆತು" ಅನ್ನಲಿಲ್ಲ. ಮೇಸ್ತ್ರಿ ಊಟಕ್ಕೆ ಹೋದ ಹೊತ್ತಿನಲ್ಲಿ ನಾನು ಸರಳು ಕತ್ತರಿಸಿದೆ. ಏಳೂ ಕಿರಣ ಇಟ್ಟೆ. ಹಳೆಯ ಚೌಕಟ್ಟು, ಕಿಟಕಿಯ ಕದ ಎರಡನ್ನೂ ಕಿತ್ತು ಬಿಸಾಡಿ, ಹೊಸದನ್ನು ಗೋಡೆಯೊಳಗೆ ನಾಲ್ಕು ಕಡೆ ಹೂಳಿ ಸಿಮೆಂಟ್ ಹಾಕಿದೆ. ಹೊಸ ಕದಗಳನ್ನು ಮುಂದಿನ ತಿಂಗಳು ಮಾಡುತ್ತೇನೆ ಎಂದಿದ್ದೆ. ಅವ್ವ ಹಳೆಯ ಸೀರೆಯ ತುಂಡು ಕಟ್ಟಿಕೊಂಡಳು. ವಠಾರದವರೆಲ್ಲ ಬಂದು ನೋಡಿ ಹೋದರು.

ಆ ಗ್ರಿಲ್ ಈಗಲೂ ಇದೆ. ವಠಾರ ಕೆಡವುವಾಗ ಹೋಗಿ ಬಿಡಿಸಿಕೊಂಡು ಬಂದಿದ್ದೆ. ಶೆಡ್ಡಿನ ಹಿಂದಿನ ಗೋಡೆಗೆ ಒರಗಿರುತ್ತದೆ. ಮಗಳೂ ನಾನೂ ಹೊತ್ತು ತಂದು ನೆಲದ ಕಿಟಕಿಯ ಮೇಲೆ ಇಟ್ಟೆವು. ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. ನನಗೆ ಖುಷಿಯಾಯಿತು. ಆಗ ಮಗಳು ಕೇಳಿದಳು:

"ಅಪ್ಪಾಜಿ, ಕಿಟಕಿ ಇಷ್ಟು ದೊಡ್ಡದೈತೆ. ಅಜ್ಜಿ ಯಾಕ ಇದರ ಹತ್ರ ಬರಲಿಲ್ಲ?"

ಅವ್ವ ಹೇಗೆ ಹೋದಳೆಂದು ಅವಳಿಗೆ ಗೊತ್ತಿತ್ತು. ನಾನು ಹೇಳಿದಷ್ಟು ಗೊತ್ತಿತ್ತು. ಗ್ರಿಲ್ ಕೂರಿಸಿ ಎರಡು ತಿಂಗಳಾಗಿರಲಿಲ್ಲ. ಅವ್ವನಿಗೆ ಎಂಟು ದಿನದ ಜ್ವರ. ತಂಗಿ ಶಾಲೆಗೆ ಹೋಗಿದ್ದಳು, ನಾನು ಅಂಗಡಿಯಲ್ಲಿದ್ದೆ. ಅಪ್ಪ ಔಷಧಿ, ಬ್ರೆಡ್ಡು ತರಲು ಹೊರಟವನು, ತಲೆ ತಿರುಗುವಾಗ ಇವಳು ಎದ್ದು ನಳದ ಕಡೆ ಹೋಗಿ ಬಿದ್ದಾಳೆಂದು ಹೊರಗಿನಿಂದ ಬೀಗ ಹಾಕಿಕೊಂಡು ಹೋದ. ಅರ್ಧ ಗಂಟೆಯ ಮಾತು. ಅವ್ವ ಎದ್ದು ನೀರು ಕಾಯಿಸಲು ಸೀಮೆಎಣ್ಣೆ ಒಲೆ ಹೊತ್ತಿಸಿದಳು. ಒಲೆ ಸಿಡಿಯಿತು. ವಠಾರದವರು ಬಾಗಿಲು ಒಡೆದು ಆಸ್ಪತ್ರೆಗೆ ಒಯ್ದ ಮೇಲೆ ನನಗೆ ಸುದ್ದಿ ಬಂತು. ಅವ್ವ ತಿರುಗಿ ಬರಲಿಲ್ಲ.

ಅವ್ವನ ತವರು ಕೊಕ್ಕನೂರು. ಅಲ್ಲಿಂದ ಬಂದ ಸೋದರಮಾವ ಹೆಣದ ಮುಂದೆ ಎಲ್ಲರ ಎದುರಿಗೆ ಕೇಳಿದ: "ಬೀಗ ಹಾಕಿದ್ದು ಯಾರಲೇ?"

"ಅಪ್ಪ," ಎಂದೆ.

ಅದೊಂದೇ ಮಾತು. ಅಪ್ಪನಿಗೆ ಅಲ್ಲಿ ಬಿದ್ದ ಏಟುಗಳನ್ನು ನಾನು ನಿಂತು ನೋಡಿದೆ. ಆಮೇಲೆ ನಾನು ಅಂಗಡಿಯಲ್ಲೇ ಮಲಗತೊಡಗಿದೆ. ಅಪ್ಪ ತಂಗಿಯನ್ನು ಕರೆದುಕೊಂಡು ಹರಿಹರಕ್ಕೆ ಹೋದ, ಕೂಲಿ ಮಾಡಿ ಅವಳನ್ನು ಬೆಳೆಸಿದ, ಅಲ್ಲೇ ಮದುವೆ ಮಾಡಿದ, ಅವಳ ಮನೆಯಲ್ಲೇ ಉಳಿದ. ಮೂವತ್ತು ವರ್ಷ ನಾನು ಅವನೊಡನೆ ನೇರವಾಗಿ ಮಾತಾಡಲಿಲ್ಲ. ಮದುವೆ ಮುಂಜಿಗಳಲ್ಲಿ ಎದುರಾದರೆ ತಂಗಿಗೆ, "ಅವರಿಗೆ ಊಟಕ್ಕ ಹಾಕು," ಎಂದು ಹೇಳಿ ಸರಿದುಬಿಡುತ್ತಿದ್ದೆ. ಹೆಂಡತಿಗೂ ಮಗಳಿಗೂ ಹೇಳಿದ್ದು ಇದೇ: ನಮ್ಮಪ್ಪನ ಬೀಗ ನಮ್ಮವ್ವನನ್ನು ತಿಂತು.

"ಒಲೆ ಇದ್ದದ್ದೇ ಕಿಟಕಿ ಕೆಳಗ," ಎಂದೆ ಮಗಳಿಗೆ. "ಬೆಂಕಿ ದಾಟಿ ಕಿಟಕಿಗೆ ಹೆಂಗ ಬರ್ತಾಳ? ಬಾಗಿಲಿಗೇ ಹೋಗಿರ್ತಾಳ. ಬೀಗ ಇತ್ತು."

ಹೇಳಿದ್ದನ್ನು ಬರೆದೂ ತೋರಿಸೋಣವೆಂದು ಸೀಮೆಸುಣ್ಣ ಹಿಡಿದು ಕಿಟಕಿಯ ಕೆಳಗೆ ಬಗ್ಗಿದೆ. ಜಾಗವಿರಲಿಲ್ಲ. ಕಿಟಕಿಯ ಕೆಳಗೆ ಒರಳು. ಒರಳಿನ ಒಂದು ಮಗ್ಗುಲಿಗೆ ಹಂಡೆಯ ಕಲ್ಲು, ಇನ್ನೊಂದು ಮಗ್ಗುಲಿಗೆ ಮೂಲೆ. ನಡುವೆ ಒಂದು ಗೇಣೂ ಇಲ್ಲ. ಒಲೆ, ಎಣ್ಣೆಯ ಡಬ್ಬಿ, ಅವ್ವ ಕೂರುವ ಮಣೆ, ಇಷ್ಟಕ್ಕೆ ಎರಡೂವರೆ ಅಡಿ ಬೇಕು. ಹಂಡೆಯನ್ನು ಒರೆಸಿ ಸರಿಸಿದೆ. ಆಗ ಹಂಡೆ ಟ್ರಂಕಿನ ಮೇಲೆ ಬಂತು. ಟ್ರಂಕನ್ನು ಸರಿಸಿದರೆ ಅಪ್ಪನಿಗೆ ಮಲಗಲು ಜಾಗವಿಲ್ಲ.

"ಅಜ್ಜಿ ಒರಳಿನ ಮ್ಯಾಲೆ ಒಲೆ ಇಟ್ಟಿದ್ಲೇನು?" ಎಂದು ಮಗಳು ತಮಾಷೆ ಮಾಡಿದಳು.

"ಬಾಯಿ ಮುಚ್ಚಿ ಟೇಪು ಹಿಡಿ," ಎಂದು ಗದರಿದೆ. ಅವಳ ಮುಖ ಸಣ್ಣಗಾಯಿತು.

ನೆಲದಲ್ಲಿ ಹೂತ ಒರಳು ಸರಿಯುವುದಿಲ್ಲ. ಕಿಟಕಿ ಸರಿಯುವುದಿಲ್ಲ. ಎಲ್ಲವೂ ತನ್ನ ಅಳತೆಗೆ ಕೂತಿದೆ, ಒಲೆ ಮಾತ್ರ ಕೂರುತ್ತಿಲ್ಲ. ಗೀಟು ಕೂಡದಿದ್ದರೆ ಅಳತೆ ತಂದವನದ್ದೇ ತಪ್ಪು ಎಂದು ನನ್ನ ಕೆಲಸಗಾರರಿಗೆ ನಾನೇ ಹೇಳುತ್ತೇನೆ. ಇಲ್ಲಿ ಅಳತೆ ತಂದವನು ನಾನು. ಆ ವಾರವೆಲ್ಲ ಕೆಲಸಗಾರರಿಗೆ ಆ ಗೀಟು ತುಳಿಯಲು ಬಿಡಲಿಲ್ಲ, ಆಚೆ ಬಯಲಿನಲ್ಲಿ ಕೆಲಸ ಮಾಡಿಸಿದೆ. ಯಾಕೆಂದು ಕೇಳುವ ಧೈರ್ಯ ಅವರಿಗಿರಲಿಲ್ಲ.

ಆ ಮನೆಯ ಒಲೆ ಎಲ್ಲಿತ್ತೆಂದು ಬಲ್ಲವರು ಇನ್ನು ಒಬ್ಬರೇ ಉಳಿದಿದ್ದರು. ತಂಗಿ ಆಗ ಚಿಕ್ಕವಳು, ಫೋನಿನಲ್ಲಿ, "ನನಗ ನೆನಪಿಲ್ಲಣ್ಣ, ಅಪ್ಪನ್ನ ಕೇಳು, ಕೊಡ್ಲೇನು?" ಎಂದಳು. ಬೇಡ ಎಂದು ಇಟ್ಟುಬಿಟ್ಟೆ. ಮುಂದಿನ ಭಾನುವಾರ ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹರಿಹರಕ್ಕೆ ಹೊರಟೆ. ನೆಲದ ಚಿತ್ರವನ್ನು ಅವಳು ತನ್ನ ಪುಸ್ತಕಕ್ಕೆ ಸಣ್ಣದಾಗಿ ಇಳಿಸಿಕೊಂಡಿದ್ದಳು. ಒಲೆಯನ್ನು ನಾನು ಹೇಳಿದ ಜಾಗದಲ್ಲೇ, ಕಿಟಕಿಯ ಕೆಳಗೆ, ಒರಳಿಗೆ ಅಂಟಿಸಿ ಬರೆದಿದ್ದಳು.

"ಅಳತೆ ಕೇಳಾಕ ಹೊಂಟೀವಿ, ಅಷ್ಟ," ಎಂದೆ ದಾರಿಯಲ್ಲಿ.

"ನಾನೇನು ಕೇಳಿದ್ನಾ ಅಪ್ಪಾಜಿ?" ಎಂದಳು.

ತಂಗಿಯ ಮನೆ ಹೊಳೆಯ ಕಡೆ ಇಳಿಯುವ ಬೀದಿಯಲ್ಲಿದೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಕಣ್ಣಿನ ಆಪರೇಷನ್ ಆಗಿದೆ, ಕೈ ನಡುಗುತ್ತದೆ. ಭಟ್ಟಿಯ ಕಾದ ಮರಳು ಸಿಡಿದು ಆದ ಕಲೆಗಳು ಮೊಣಕೈಯವರೆಗೆ ಹಾಗೆಯೇ ಇದ್ದವು. ಮೊಮ್ಮಗಳನ್ನು ನೋಡಿ, "ಬಾರವ್ವ," ಎಂದು ಪಕ್ಕಕ್ಕೆ ಸರಿದ. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದ.

"ಬರ್ರಿ. ಕೂಡ್ರಿ," ಎಂದ.

ಹೊರಗಿನವರಿಗೆ ಹೇಳುವಂತೆ ಹೇಳಿದ. ವ್ಯಂಗ್ಯವಿರಲಿಲ್ಲ. ಮಗನಿಗೆ ಹೇಗೆ ಹೇಳಬೇಕೆಂಬುದು ಅವನಿಗೆ ಮರೆತುಹೋಗಿತ್ತು.

ಮಗಳು ಪುಸ್ತಕ ತೆಗೆದು ಕೊಟ್ಟಳು. ಅಪ್ಪ ಅದನ್ನು ದೂರ ಹಿಡಿದ, ಆಮೇಲೆ ತಿರುಗಿಸಿ, ಬಾಗಿಲು ತನ್ನ ಕಡೆಗೆ ಬರುವಂತೆ ಇಟ್ಟುಕೊಂಡ. ಆ ಮನೆಯೊಳಗೆ ಹೋಗುವವನ ಹಾಗೆ.

"ಇದು ಕದ. ಇದು ಟ್ರಂಕು. ಒರಳು. ಇದೇನವ್ವ?"

"ಒಲೆ, ಅಜ್ಜ."

"ಇಲ್ಲಿ ಯಾರು ಇಟ್ರು?"

ಮಗಳು ನನ್ನ ಮುಖ ನೋಡಿದಳು. ಅಪ್ಪ ನೋಡಲಿಲ್ಲ.

"ಒಲೆ ಇಲ್ಲಿರಲಿಲ್ಲವ್ವ. ಮೊದ್ಲು ಕಿಟಕಿ ಎದುರಿಗೆ ನಡುವ ಇತ್ತು. ಆ ಸರಳಿನ ಜಾಳಿಗೆ ಕುಂದ್ರಿಸಿ ಕಿಟಕಿ ಕದ ಕಿತ್ತ ಮ್ಯಾಲೆ ಗಾಳಿ ಬಡಿಯಾಕ ಹತ್ತಿತು, ಉರಿ ನಿಲ್ಲವಲ್ದು ಅಂತ ನಿಮ್ಮಜ್ಜಿನೇ ಒಲೆ ಎತ್ತಿ ಇಲ್ಲಿ ಇಟ್ಕಂಡ್ಲು." ಬೆರಳನ್ನು ಬಾಗಿಲ ಮೇಲೆ ಇಟ್ಟ. "ಕದಕ್ಕ ಹತ್ತಿ. ಎಣ್ಣಿ ಡಬ್ಬೀನೂ ಇಲ್ಲೇ."

ಮಗಳು ಒಲೆಯನ್ನು ಒರೆಸಿ ಬಾಗಿಲ ಮಗ್ಗುಲಿಗೆ ಬರೆದಳು. ಅದು ಸರಿಯಾಗಿ ಕೂತಿತು. ಒಲೆಯ ಹಿಂದೆ ಬಟ್ಟೆಯ ಗೂಟ. ಬೆಂಕಿ ಎದ್ದದ್ದು ಬಾಗಿಲಲ್ಲಿ. ಬೀಗ ಇರಲಿ ಬಿಡಲಿ, ಅತ್ತ ಹೋಗುವಂತಿರಲಿಲ್ಲ. ಉಳಿದದ್ದು ಕಿಟಕಿ. ಗಾಳಿಗೆ ಒಲೆ ನಿಲ್ಲುವುದಿಲ್ಲ ಎಂದು ಅವ್ವ ನನಗೂ ಹೇಳಿದ್ದಳು. ಕದ ಯಾವಾಗ ಮಾಡ್ತೀಯೋ ಎಂದು ದಿನಾ ಕೇಳುತ್ತಿದ್ದಳು. ಮೂವತ್ತು ವರ್ಷದಲ್ಲಿ ನನ್ನ ನೆನಪು ಆ ಒಲೆಯನ್ನು ಬಾಗಿಲಿಂದ ಎತ್ತಿ, ಒರಳು ಹಂಡೆಗಳನ್ನು ದಾಟಿಸಿ, ಕಿಟಕಿಯ ಕೆಳಗೆ ತಂದಿಟ್ಟಿತ್ತು.

ಬಾಯಿಗೆ ಬಂದದ್ದು ಅಂಗಡಿಯ ಮಾತು.

"ಈಗ ಆತೇನಪ್ಪ?"

ಅಪ್ಪ ಹಾಳೆಯನ್ನು ಮತ್ತೆ ದೂರ ಹಿಡಿದು ನೋಡಿದ.

"ಆಗಿಲ್ಲ. ಎಲ್ಲಾ ಬರದೀರಿ. ಆಕಿ ಎಲ್ಲಿ?"

ಅವನೇ ಬೆರಳನ್ನು ಬಾಗಿಲಿಂದ ಎತ್ತಿ, ಕೋಣೆಯನ್ನು ದಾಟಿಸಿ, ಒರಳಿನ ಮೇಲೆ ಇಟ್ಟ. "ಇಲ್ಲಿ. ಒರಳು ಹತ್ತಿ ನಿಂತಿದ್ಲಂತೆ, ಸರಳು ಹಿಡಕಂಡು. ಕೈ ಬಿಡಿಸಾಕ ಬರಲಿಲ್ಲ ಅಂತಂದ್ರು."

ಮಗಳ ಕೈಯಲ್ಲಿ ಪೆನ್ಸಿಲ್ ಇತ್ತು. ಅವಳು ಬರೆಯಲಿಲ್ಲ.

"ಒಂದ್ ದಿನನಾದ್ರೂ ಹೇಳಬಾರದಾಗಿತ್ತಾ?" ಎಂದೆ. ನನ್ನ ದನಿ ಜಗಳದವನ ದನಿಯಂತಿತ್ತು.

"ನೀ ಕೇಳಿದ್ದ ಇವತ್ತು," ಎಂದ ಅಪ್ಪ. "ಬೀಗ ನಂದು. ಅದನ್ನೇನು ನಾ ಇಲ್ಲ ಅನ್ನಲ್ಲ," ಎಂದ. ಆಮೇಲೆ ಒಳಗಿದ್ದ ತಂಗಿಗೆ ಕೂಗಿ ಹೇಳಿದ: "ಚಾ ಇಡವ್ವ. ಮಂದಿ ಬಂದಾರ."

ಚಹಾ ಕುಡಿದೆವು. ತಂಗಿ ಮಂಡಕ್ಕಿ ಒಗ್ಗರಣೆ ಹಾಕಿ ತಂದಳು. ಅಪ್ಪನ ಕೈ ನಡುಗಿ ಮಂಡಕ್ಕಿ ಕಟ್ಟೆಯ ಮೇಲೆಲ್ಲ ಚೆಲ್ಲುತ್ತಿತ್ತು, ಅವನು ಒಂದೊಂದೇ ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ನಾನು ಕಾಲು ಹಿಡಿಯಲಿಲ್ಲ. ಹಿಡಿದಿದ್ದರೆ ಅವನು ಏನು ಮಾಡುತ್ತಿದ್ದನೋ ಗೊತ್ತಿಲ್ಲ. ಹೊರಡುವಾಗ ನಮಸ್ಕಾರ ಮಾಡಿದೆ, ಅವನೂ ಮಾಡಿದ.

ಬರುವಾಗ ಬೈಕನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಇದುವರೆಗೆ ಯಾರಿಗೂ ಹೇಳದ, ನನಗೆ ನಾನೇ ಹೇಳಿಕೊಳ್ಳದ ಒಂದು ಮಾತಿದೆ. ಅದನ್ನು ಇಲ್ಲಿ ಬರೆದುಬಿಡುತ್ತೇನೆ. ಆ ದಿನ ನಾನು ವಠಾರಕ್ಕೆ ಓಡಿಬಂದಾಗ ಕಿಟಕಿಯ ಹತ್ತಿರ ಒಬ್ಬಾತ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. "ನಾಕು ಮಂದಿ ಹಿಡಿದು ಎಳೆದ್ವಿ. ಹಾರೆ ಹಾಕಿದ್ವಿ. ಜಗ್ಗಲಿಲ್ಲ ನೋಡ್ರಿ. ಯಾವನೋ ಗಟ್ಟಿ ಮಾಡ್ಯಾನ," ಎಂದ. ಅದನ್ನು ಕೇಳಿದ ಕ್ಷಣ, ಒಂದೇ ಕ್ಷಣ, ನನ್ನ ಎದೆ ಉಬ್ಬಿತು. ಒಳಗೆ ಗೋಡೆ ಇನ್ನೂ ಹೊಗೆಯಾಡುತ್ತಿತ್ತು. ಕಿಟಕಿಯನ್ನು ಅವರು ಯಾಕೆ ಎಳೆಯುತ್ತಿದ್ದರೆಂದು ಕೇಳಲಿಲ್ಲ. ನೀರು ಹಾಕಲು ಇರಬೇಕು ಅಂದುಕೊಂಡೆ. ಮರುದಿನ ಮಾವ ಬೀಗದ ಮಾತು ಎತ್ತಿದಾಗ, ಮುಳುಗುವವನಿಗೆ ಹಗ್ಗ ಸಿಕ್ಕಂತೆ ಅದನ್ನು ಹಿಡಿದುಕೊಂಡೆ.

ಮಗಳಿಗೆ ಇದನ್ನು ರಸ್ತೆಯ ಪಕ್ಕದಲ್ಲೇ ಹೇಳಿದೆ. ಅವಳು ನನ್ನ ಹೆಲ್ಮೆಟ್ ಹಿಡಿದುಕೊಂಡು ನಿಂತಿದ್ದಳು.

ಅವಳನ್ನು ಮನೆಗೆ ಬಿಟ್ಟು ಸಂಜೆ ಶೆಡ್ಡಿಗೆ ಹೋದೆ. ಒಲೆಯನ್ನು ಅದರ ಜಾಗದಲ್ಲಿ ಬರೆದೆ. ಒರಳಿನ ಮೇಲೆ ಅವ್ವನನ್ನು ಬರೆಯಲು ಕೂತೆ. ಮುಖ ಬರಲಿಲ್ಲ. ನಮ್ಮ ಮನೆಯಲ್ಲಿ ಅವಳ ಫೋಟೋ ಇರಲಿಲ್ಲ, ಇದ್ದಿದ್ದರೂ ನೋಡಿ ಬರೆಯುವ ಮನಸ್ಸಿರಲಿಲ್ಲ. ಎತ್ತರ ಗೊತ್ತಾಗಲಿಲ್ಲ, ಕೈ ಗೊತ್ತಾಗಲಿಲ್ಲ. ಪಾದಗಳು ಮಾತ್ರ ಬಂದವು. ಅಂಗಡಿಯ ಗೀಟಿನ ಮೇಲೆ, ಅಳಿಸೀತೆಂದು ಬೆರಳ ತುದಿಯಲ್ಲಿ ನಿಂತಿದ್ದ ಎರಡು ಪಾದ. ಒರಳಿನ ಮೇಲೆ ನಿಂತದ್ದೂ ಹೀಗೆಯೇ ಇರಬೇಕು.

ಸೋಮವಾರ ಕೆಲಸಗಾರರನ್ನು ಒಳಗೆ ಬಿಟ್ಟೆ. ನೀರು ಹಾಕಿ ಒರೆಸಲಿಲ್ಲ. ಓಡಾಡಿದ ಕಾಲುಗಳಿಗೆ ಹತ್ತಿ ಆ ಮನೆ ತಾನೇ ಹೋಯಿತು.

ಈಗ ನಾನು ಮಾಡುವ ಪ್ರತಿ ಕಿಟಕಿಯಲ್ಲೂ ಒಳಗಿನಿಂದ ತೆಗೆಯುವ ಸಣ್ಣ ಬಾಗಿಲು ಇರುತ್ತದೆ, ಕೊಡ ತೂರುವಷ್ಟು. "ಕಳ್ಳರಿಗೆ ದಾರಿ ಮಾಡಿ ಕೊಡ್ತೀರೇನ್ರಿ?" ಎಂದು ಕೇಳುವವರಿದ್ದಾರೆ. ಬೇಡವೆಂದವರಿಗೆ ಬೇರೆ ಅಂಗಡಿ ತೋರಿಸುತ್ತೇನೆ. ತಿಂಗಳಿಗೊಮ್ಮೆ ಹರಿಹರಕ್ಕೆ ಹೋಗಿ ಬರುತ್ತೇನೆ. ಅಪ್ಪ ಇನ್ನೂ "ಬರ್ರಿ" ಎನ್ನುತ್ತಾನೆ.

ಈಗ ನನ್ನ ಬಳಿ ಇರುವುದು ಇಷ್ಟು. ಸ್ವಂತದ ಶೆಡ್ಡು ಒಂದು, ವೆಲ್ಡಿಂಗ್ ಮಷೀನು ಎರಡು, ಕೆಲಸಗಾರರು ಐದು ಜನ, ಹೆಂಡತಿ, ಮಗಳು, ಹರಿಹರದಲ್ಲಿ ತಂಗಿ ಮತ್ತು ಅಪ್ಪ. ಹಿಂದಿನ ಗೋಡೆಗೆ ಒರಗಿಸಿದ ಗ್ರಿಲ್ಲು ಒಂದು. ಅದಕ್ಕೆ ಕಿರಣ ಏಳು.